ಪೂಜೆಗೆ ಸಲ್ಲದ ಮರದ ಮೀನು

ಶುಕ್ರವಾರ ಸಂಜೆ ಆಫೀಸಿನಿಂದ ಮನೆಗೆ ಬಂದು ನೋಡಿದರೆ ಮೀನು ಹಿಡಿಯುವ ನನ್ನ ಲೂರ್‌ಗಳ ಪೆಟ್ಟಿಗೆ ದೇವರ ಮುಂದೆ ಕೂತಿತ್ತು. ಸುಮ್ಮನೆ ಕೂತಿರಲಿಲ್ಲ. ಮುಚ್ಚಳ ತೆರೆದುಕೊಂಡು, ಒಳಗಿದ್ದ ಒಂದೊಂದು ಮರದ ಮೀನಿನ ಹಣೆಗೂ ಗಂಧ ಕುಂಕುಮ ಹಚ್ಚಿಸಿಕೊಂಡು, ಮೇಲೊಂದು ಸೇವಂತಿಗೆ ಮುಡಿದುಕೊಂಡು ಮದುವಣಗಿತ್ತಿಯ ಹಾಗೆ ಕೂತಿತ್ತು. ಅದರ ಎಡಕ್ಕೆ ನನ್ನ ಗಂಡ ಶ್ರೀಪಾದನ ಲ್ಯಾಪ್‌ಟಾಪು. ಬಲಕ್ಕೆ ಡ್ರಿಲ್ ಮಷೀನು, ಸುತ್ತಿಗೆ, ಅಡಿಗೆಮನೆಯ ಅಷ್ಟೂ ಚಾಕುಗಳು. ಗೋಡೆಗೆ ಒರಗಿಸಿದ ವ್ಯಾಕ್ಯೂಮ್ ಕ್ಲೀನರು, ಅದರ ಪಕ್ಕದಲ್ಲಿ ಮೀನು ಎತ್ತುವ ನನ್ನ ಉದ್ದ ಹಿಡಿಯ ಬಲೆ. ಎಲ್ಲಕ್ಕೂ ಆಯುಧಪೂಜೆ ಆಗಿ ಮುಗಿದಿತ್ತು. ಊದುಬತ್ತಿ ಇನ್ನೂ ಉರಿಯುತ್ತಿತ್ತು.

"ಅಮ್ಮಾ, ಇದನ್ನ ಇಲ್ಲಿ ಯಾರು ತಂದಿಟ್ಟಿದ್ದು?"

"ಅಳಿಯಂದ್ರು. ಮನೇಲಿರೋ ಆಯುಧ ಎಲ್ಲಾ ತನ್ನಿ ಅಂದೆ. ಪಾಪ, ಗರಾಜೆಲ್ಲಾ ಹುಡುಕಿ ತಂದ್ರು," ಎಂದಳು ಅಮ್ಮ, ಅಕ್ಷತೆ ಬಟ್ಟಲನ್ನು ಮುಚ್ಚುತ್ತಾ.

"ನಾಳೆ ಬೆಳಗ್ಗೆ ನಂಗೆ ಬೇಕು ಇದು."

"ನವಮಿ ನಾಳೆ ಮಧ್ಯಾಹ್ನದವರೆಗೂ ಇದೆ. ಸಾಯಂಕಾಲ ವಿಸರ್ಜನೆ. ಅಲ್ಲೀತನಕ ಯಾವ ಆಯುಧಾನೂ ಮುಟ್ಟೋ ಹಾಗಿಲ್ಲ."

ನಾನು ಶ್ರೀಪಾದನನ್ನು ನೋಡಿದೆ. ಅವನು ಕಿಟಕಿಯಾಚೆ ಏನೋ ಬಹಳ ಮುಖ್ಯವಾದದ್ದು ಕಂಡವನ ಹಾಗೆ ಅತ್ತ ತಿರುಗಿಕೊಂಡ. ನಾಳೆ ಲ್ಯಾಪ್‌ಟಾಪ್ ಮುಟ್ಟುವ ಹಾಗಿಲ್ಲ ಎಂಬ ಖುಷಿಯಲ್ಲಿ ಗರಾಜನ್ನೇ ಬಳಿದು ತಂದಿದ್ದಾನೆ ಎಂಬುದು ಅವನ ಬೆನ್ನು ನೋಡಿದರೇ ಗೊತ್ತಾಗುತ್ತಿತ್ತು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಅಂದಿನ ಕೋಪಕ್ಕೆ ಕಾರಣವೂ ಇತ್ತು. ಸೋಮವಾರ ನಮ್ಮ ಸಾಮಾನು ಹೇರಿಕೊಳ್ಳಲು ಲಾರಿ ಬರಲಿತ್ತು. ನನಗೆ ನ್ಯೂಜಿಲೆಂಡಿನ ದಕ್ಷಿಣಕ್ಕಿರುವ ಕ್ರೈಸ್ಟ್‌ಚರ್ಚಿನ ಹಾರ್ನ್‌ಬಿಯಲ್ಲಿ ದೊಡ್ಡ ಗೋದಾಮೊಂದರ ಮ್ಯಾನೇಜರ್ ಕೆಲಸ ಸಿಕ್ಕಿ, ಆಕ್ಲೆಂಡಿನ ಆಲ್ಬನಿಯ ಮನೆ ಖಾಲಿ ಮಾಡುತ್ತಿದ್ದೆವು. ಕೆಲಸ ಒಳ್ಳೆಯದು, ಸಂಬಳವೂ ಒಳ್ಳೆಯದು. ಆದರೆ ಅಲ್ಲಿನ ಸಮುದ್ರ ತಣ್ಣಗೆ ಕೊರೆಯುತ್ತದೆ, ದೊಡ್ಡ ಸಮುದ್ರಮೀನಾದ ಕಿಂಗ್‌ಫಿಶ್ ಅಷ್ಟು ದಕ್ಷಿಣಕ್ಕೆ ಬರುವುದು ಅಪರೂಪ. ಭಾನುವಾರ ಜೋರು ಗಾಳಿ ಎಂದು ಹವಾಮಾನದವರು ಹೇಳಿಬಿಟ್ಟಿದ್ದರು. ಅಂದರೆ ಬಂಡೆಯ ಮೇಲೆ ನಿಂತು ನೀರಿನ ಮೇಲ್ಗಡೆಯೇ ಒಂದು ಕಿಂಗ್‌ಫಿಶ್ ಹಿಡಿಯಬೇಕೆಂಬ ನನ್ನ ಆಸೆಗೆ ಉಳಿದಿದ್ದು ಶನಿವಾರದ ಒಂದು ಬೆಳಗು ಮಾತ್ರ.

ನೀರಿನ ಮೇಲ್ಗಡೆ ಎಂದು ಯಾಕೆ ಒತ್ತಿ ಹೇಳುತ್ತೇನೆಂದರೆ, ಮೀನು ಹಿಡಿಯುವವರಲ್ಲಿ ಎರಡು ಜಾತಿ. ಲೂರ್ ಎಂದರೆ ಮೀನಿನ ವೇಷ ಹಾಕಿದ ಮರದ ಅಥವಾ ಪ್ಲಾಸ್ಟಿಕ್ಕಿನ ತುಂಡು, ಹೊಟ್ಟೆಗೆ ಗಾಳ ಕಟ್ಟಿರುತ್ತದೆ. ಒಂದು ಜಾತಿಯವರು ಅದನ್ನು ನೀರೊಳಗೆ ಮುಳುಗಿಸಿ, ಕೆಳಗೆ ಏನಾಗುತ್ತಿದೆಯೆಂದು ಕೈಯಲ್ಲೇ ಊಹಿಸುತ್ತಾ ನಿಲ್ಲುತ್ತಾರೆ. ಇನ್ನೊಂದು ಜಾತಿ ನಮ್ಮದು. ನಮ್ಮ ಲೂರ್ ತೇಲುತ್ತದೆ. ಅದನ್ನು ಗಾಯಗೊಂಡ ಮರಿಮೀನಿನ ಹಾಗೆ ನೀರ ಮೇಲೆ ಕುಣಿಸಿಕೊಂಡು ಬರುತ್ತೇವೆ. ಹಿಂದೆ ನೀರು ಉಬ್ಬುತ್ತದೆ, ದೊಡ್ಡ ಬೆನ್ನೊಂದು ಕಾಣುತ್ತದೆ, ಬಾಯಿ ತೆರೆಯುತ್ತದೆ, ಅಷ್ಟನ್ನೂ ಕಣ್ಣಾರೆ ನೋಡುತ್ತೇವೆ. ಆ ಒಂದು ಕ್ಷಣಕ್ಕೆ ನಾನು ಬೆಳಗಿನ ನಿದ್ದೆಗಳನ್ನೆಲ್ಲ ಬಲಿಕೊಟ್ಟಿದ್ದೇನೆ.

ಪೆಟ್ಟಿಗೆಯಲ್ಲಿದ್ದವೆಲ್ಲ ಹಳೆಯ ಲೂರ್‌ಗಳು. ಇಲ್ಲಿಗೆ ಬಂದ ಹೊಸದರಲ್ಲಿ ಯಾರದೋ ಮನೆಯ ಹಳೆ ಸಾಮಾನಿನ ಗರಾಜ್ ಸೇಲಿನಲ್ಲಿ ಕೊಂಡಿದ್ದೆ. ಮಾರಿದವರು ಅಮೆರಿಕದಿಂದ ತಂದದ್ದಂತೆ, ಅಲ್ಲಿನ ಕೆರೆಗಳಲ್ಲಿ ಬಾಸ್ ಎಂಬ ಮೀನು ಹಿಡಿಯಲೆಂದೇ ಮಾಡಿದ್ದು. ನ್ಯೂಜಿಲೆಂಡಿನ ಕೆರೆಗಳಲ್ಲಿ ಬಾಸ್ ಇಲ್ಲ. ಹಾಗಾಗಿ ಅವಕ್ಕೂ ನಮ್ಮ ಗತಿಯೇ ಆಯಿತು. ಊರಲ್ಲಿ ಕಲಿತದ್ದೊಂದು, ಇಲ್ಲಿ ಬಂದು ಮಾಡಿದ್ದು ಇನ್ನೊಂದು. ಸಪೂರ ಗಾಳಗಳನ್ನು ಕಿತ್ತು ದಪ್ಪನೆಯವನ್ನು ಹಾಕಿ ಸಮುದ್ರದ ಕೆಲಸಕ್ಕೆ ಹಚ್ಚಿದೆ. ಕಹವಾಯ್ ಎಂಬ ಬೆಳ್ಳಿ ಮೈಯ ಮೀನುಗಳು ಅವುಗಳ ಮೇಲೆ ಮುಗಿಬೀಳುತ್ತಿದ್ದವು. ಹಿಡಿಯುತ್ತಿದ್ದೆ, ಬಿಡುತ್ತಿದ್ದೆ. ನಾವು ತಿನ್ನುವವರಲ್ಲ.

ಕಿಂಗ್‌ಫಿಶ್ ಮಾತ್ರ ದಕ್ಕಲಿಲ್ಲ. ಮೂರು ಸಲ ಬಂದಿತ್ತು. ಮೂರು ಸಲವೂ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೂರನ್ನೂ ಮನೆಗೆ ಬಂದು ಎಲ್ಲರಿಗೂ ವರ್ಣಿಸಿ ಹೇಳಿದ್ದು ನನ್ನ ತಪ್ಪು. ನಮ್ಮ ಗೆಳೆಯ ಮನೋಜ್, ಹುಬ್ಬಳ್ಳಿಯವನು, ಓದಲು ಬಂದು ಇಲ್ಲೇ ನಿಂತವನು, ತಾನೂ ಗಾಳ ಹಾಕುತ್ತಾನೆ. ಅವನು ಇದನ್ನೊಂದು ಗಾದೆಯನ್ನಾಗಿಯೇ ಮಾಡಿಬಿಟ್ಟ. ಯಾರಾದರೂ ಆಲ್ಬನಿಯಲ್ಲಿ ಅಗ್ಗದ ಮನೆ ನೋಡಿಬಂದೆ ಎಂದರೆ, "ಅದು ತಾರಕ್ಕನ ಕಿಂಗ್‌ಫಿಶ್ ಬಿಡ್ರಿ," ಎನ್ನುತ್ತಿದ್ದ. ಈಗ ಆಕ್ಲೆಂಡಿನ ಅರ್ಧ ಕನ್ನಡಿಗರು ಹಾಗೇ ಅನ್ನುತ್ತಾರೆ. ಇಷ್ಟು ವರ್ಷ ಇದ್ದ ಊರಿನಲ್ಲಿ ನನ್ನ ಹೆಸರು ಹಸಿ ಸುಳ್ಳಿಗೆ ಇನ್ನೊಂದು ಹೆಸರಾಗಿ ಉಳಿಯುವುದು ನನಗೆ ಬೇಡವಾಗಿತ್ತು.

ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಮೆಲ್ಲಗೆ ಹೇಳಲಿಲ್ಲ.

ನನ್ನಮ್ಮ ಜಯಲಕ್ಷ್ಮಿ ಮೈಸೂರಿನ ಸರಸ್ವತಿಪುರಂನವಳು. ಕೆಲವು ತಿಂಗಳಿಗೆಂದು ಬಂದವಳು, ಬಂದ ಎರಡನೇ ವಾರಕ್ಕೇ ಇಲ್ಲಿನ ಹೆಂಗಸರಿಗೆಲ್ಲ ಪಂಚಾಂಗವಾಗಿಬಿಟ್ಟಿದ್ದಳು. ಏಕಾದಶಿ ಯಾವತ್ತು, ಗೊಂಬೆ ಯಾವತ್ತು ಕೂರಿಸಬೇಕು, ಎಲ್ಲದಕ್ಕೂ ಫೋನು ಅವಳಿಗೇ. ಅವಳ ಮಡಿ ನೋಡಿ ಪೂಜೆ ವ್ರತಗಳಲ್ಲಿ ಇಲ್ಲಿ ಎಲ್ಲರಿಗಿಂತ ಮುಂದಿದ್ದ ರತ್ನಾ ಆಂಟಿಯಂಥವರೇ ಬೆರಗಾಗಿದ್ದರು. ಇಂಥವಳ ಎದುರು ಮೀನಿನ ಕಥೆ ಹೇಳಿ ಗೆಲ್ಲುವುದುಂಟೇ?

"ಪೂಜೆಗೆ ಕೂತದ್ದನ್ನ ಎಬ್ಬಿಸಬಾರದು. ನಂದೇನೂ ಅಲ್ಲ, ಶಾಸ್ತ್ರ," ಎಂದು ಅವಳು ಎದ್ದು ಹೋದಳು.

ಗರಾಜಿಗೆ ಹೋಗಿ ಒಂದು ರಟ್ಟಿನ ಡಬ್ಬಕ್ಕೆ ಒದ್ದೆ. ಕಾಲು ನೋವಾಯಿತು, ಅಷ್ಟೇ. ಕುಂಟುತ್ತಾ ವಾಪಸು ಬರುವಾಗ ಕಸದ ಬುಟ್ಟಿಯ ಮೇಲೆ ಇಟ್ಟಿದ್ದ ಹಳೆ ಪೇಪರಿನಲ್ಲಿ ಏನೋ ಕೆಂಪಗೆ ಕಂಡಿತು. ಎತ್ತಿ ನೋಡಿದರೆ ನನ್ನ ಕೆಂಪು ತಲೆಯ ಪಾಪರ್.

ಪಾಪರ್ ಎಂದರೆ ಮುಂಭಾಗ ಬಟ್ಟಲಿನಂತೆ ತೋಡಿದ ಲೂರ್, ಎಳೆದಾಗಲೆಲ್ಲ ನೀರನ್ನು ಗುಳಕ್ಕೆಂದು ಉಗುಳುತ್ತದೆ. ಪೆಟ್ಟಿಗೆಯ ಎಲ್ಲ ಲೂರ್‌ಗಳಲ್ಲಿ ಅತ್ಯಂತ ಹಳೆಯದು ಇದೇ, ನನಗೆ ಅಚ್ಚುಮೆಚ್ಚಿನದೂ ಇದೇ. ಬಿಳಿ ಮೈ, ಕೆಂಪು ತಲೆ. ಬಂಡೆಗೆ ಬಡಿದು ಬಡಿದು ಬಟ್ಟಲಿನ ಒಂದು ಅಂಚು ಚಕ್ಕೆ ಎದ್ದಿತ್ತು, ಒಂದು ಕಣ್ಣು ಬಿದ್ದುಹೋಗಿತ್ತು.

ಅದನ್ನು ಹಿಡಿದುಕೊಂಡು ಅಮ್ಮನ ಮುಂದೆ ನಿಂತೆ. "ಇದು ಯಾಕೆ ಕಸದಲ್ಲಿದೆ?"

"ಅದು ಭಿನ್ನ ಆಗಿದೆಯಲ್ಲೇ. ಭಿನ್ನ ಆದದ್ದು ಪೂಜೆಗೆ ಬರಲ್ಲ. ಅದಕ್ಕೇ ಬೇರೆ ಇಟ್ಟೆ."

"ಗಂಧ ಕುಂಕುಮ ಇಟ್ಟಿಲ್ಲ?"

"ಒಡೆದದ್ದಕ್ಕೆ ಯಾಕಿಡ್ಲಿ?"

"ಹಾಗಾದ್ರೆ ಇದು ಪೂಜೆಗೆ ಕೂತಿಲ್ಲ. ಕೂರದೇ ಇದ್ದದ್ದನ್ನ ಎಬ್ಬಿಸೋ ಮಾತೇ ಇಲ್ಲ."

ಅಮ್ಮ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. ಶಾಸ್ತ್ರ ಬಲ್ಲವರ ಕಷ್ಟವೆಂದರೆ ಅವರು ಅದರಿಂದ ತಪ್ಪಿಸಿಕೊಳ್ಳಲಾರರು. "ಅದನ್ನೇನಾದ್ರೂ ಮಾಡ್ಕೋ," ಎಂದಳು. ನನ್ನ ಗಾಳದ ಕೋಲು, ದಾರ ಸುತ್ತುವ ರೀಲು, ಇಕ್ಕಳ ಬೆಳಗ್ಗೆಯೇ ಕಾರಿನ ಡಿಕ್ಕಿ ಸೇರಿ ನನ್ನ ಜೊತೆ ಆಫೀಸಿಗೆ ಬಂದಿದ್ದರಿಂದ ಅವೂ ಶ್ರೀಪಾದನ ಕೈಗೆ ಸಿಕ್ಕಿರಲಿಲ್ಲ. ಒಂದು ಕೋಲು, ಒಂದು ರೀಲು, ಒಂದೇ ಒಂದು ಒಡಕು ಲೂರ್. ಸಾಕು.

ಬೆಳಗಾಗುವ ಮುಂಚೆ ಕಾರಿನ ಹತ್ತಿರ ಹೋದರೆ ಅಮ್ಮ ಆಗಲೇ ಅಲ್ಲಿದ್ದಳು. ತಲೆಗೆ ಸ್ನಾನ ಮಾಡಿ, ಮಂಕಿಕ್ಯಾಪ್ ಹಾಕಿ, ಸೀರೆಯ ಕೆಳಗೆ ಸ್ಪೋರ್ಟ್ಸ್ ಶೂ ತೊಟ್ಟು, ಚಕ್ರಗಳ ಕೆಳಗೆ ನಿಂಬೆಹಣ್ಣು ಇಡುತ್ತಿದ್ದಳು. ಕಾರಿಗೆ ಆರತಿ ಎತ್ತಿ, ಹೂವು ಸಿಕ್ಕಿಸಿ, ಮುಂದಿನ ಸೀಟಿನಲ್ಲಿ ಹೋಗಿ ಕೂತಳು.

"ಎಲ್ಲಿಗೆ?"

"ನಿನ್ನ ಜೊತೆ. ನವಮಿ ದಿನ ನಮ್ಮನೆ ಮಗಳು ಒಂದು ಜೀವ ತೆಗೆಯೋ ಹಾಗಿಲ್ಲ. ಬಿಡ್ತೀನಿ ಬಿಡ್ತೀನಿ ಅಂತೀಯಲ್ಲ, ಬಿಡೋದನ್ನ ನಾನು ನೋಡ್ಬೇಕು."

ವಾದಕ್ಕೆ ಹೊತ್ತಿರಲಿಲ್ಲ. ಸಮುದ್ರದ ಭರತ ಏರುವಾಗಿನ ಮೊದಲ ಗಂಟೆಯೇ ಎಲ್ಲಕ್ಕಿಂತ ಒಳ್ಳೆಯದು. ನಿಂಬೆಹಣ್ಣು ಪಚಕ್ಕೆಂದಿತು, ಹೊರಟೆವು.

ಆಲ್ಬನಿಯಿಂದ ಉತ್ತರಕ್ಕೆ ಅರ್ಧ ಗಂಟೆಯ ದಾರಿ, ಆಮೇಲೆ ಹುಲ್ಲುಗಾವಲು ದಾಟಿ ಇಳಿದರೆ ನನ್ನ ಬಂಡೆ. ಅಗಲವಾಗಿ, ಚಪ್ಪಟೆಯಾಗಿ, ಸಮುದ್ರಕ್ಕೆ ಚಾಚಿದ ಕಟ್ಟೆಯ ಹಾಗಿದೆ. ಅಂಚಿನಲ್ಲಿ ಒಂದು ಮೆಟ್ಟಿಲಿನಂಥ ತಗ್ಗು. ಮೊದಲು ದೂರ ನಿಂತು ಅಲೆಗಳನ್ನು ನೋಡಿದೆ. ಸಮುದ್ರ ಸೌಮ್ಯವಾಗಿತ್ತು. ಅಮ್ಮನಿಗೆ ಸೀರೆಯ ಮೇಲೆ ಶ್ರೀಪಾದನ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಬಿಗಿದು, ಒಣಗಿದ ಎತ್ತರದ ಜಾಗದಲ್ಲಿ ಕೂರಿಸಿದೆ. ಅವಳು ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡು, ಸಮುದ್ರವನ್ನು ಒಮ್ಮೆ ತಪಾಸಣೆ ಮಾಡುವವಳಂತೆ ನೋಡಿ, ಬಾಯಲ್ಲೇ ಸಹಸ್ರನಾಮ ಶುರುಮಾಡಿದಳು.

ಪಾಪರ್ ಎಸೆದೆ. ದೂರ ಹೋಗಿ ಬಿತ್ತು. ಕೋಲನ್ನು ಜಗ್ಗಿದೆ, ಗುಳಕ್. ಬಿಟ್ಟೆ. ಜಗ್ಗಿದೆ, ಗುಳಕ್. ಅಂಚು ಒಡೆದದ್ದರಿಂದ ಅದು ನೇರ ಬರುವುದಿಲ್ಲ, ಕುಂಟುತ್ತಾ ಒಂದು ಪಕ್ಕಕ್ಕೆ ಎಳೆದುಕೊಂಡು ಬರುತ್ತದೆ. ಆ ಕುಂಟೇ ನನಗಿಷ್ಟ. ಆರೋಗ್ಯವಾಗಿರುವ ಮರಿಯನ್ನು ಯಾವ ಮೀನು ಅಟ್ಟಿಕೊಂಡು ಬರುತ್ತದೆ?

ಸೂರ್ಯ ಮೇಲೆ ಬಂದ ಹಾಗೇ ಹಕ್ಕಿಗಳು ಬಂದವು. ಮೊದಲು ನಾಲ್ಕೈದು, ಆಮೇಲೆ ಒಂದು ಸಂತೆಯಷ್ಟು. ಅವುಗಳ ಕೆಳಗೆ ನೀರು ಅನ್ನದ ಎಸರಿನ ಹಾಗೆ ಕುದಿಯತೊಡಗಿತು. ಸಣ್ಣ ಮೀನುಗಳನ್ನು ಕಹವಾಯ್ ಹಿಂಡು ಮೇಲಕ್ಕೆ ಅಟ್ಟಿಕೊಂಡು ಬಂದಿತ್ತು. ಪಾಪರ್ ಆ ಕುದಿತದ ಅಂಚಿಗೆ ಬಿದ್ದದ್ದೇ ತಡ, ಒಂದು ಕಹವಾಯ್ ಅದನ್ನು ಹಿಡಿದು ಗಾಳಿಗೆ ಹಾರಿತು. ಎಳೆದು ತಂದು, ನೀರಲ್ಲೇ ಗಾಳ ಬಿಡಿಸಿ ಬಿಟ್ಟೆ.

"ಹೋಯ್ತಾ?" ಅಮ್ಮನ ಸಹಸ್ರನಾಮ ನಿಂತಿತ್ತು.

"ಹೋಯ್ತು."

"ಸರಿಯಾಗಿ ಹೋಯ್ತಾ? ವಾಲಾಡಿಕೊಂಡು ಹೋದ ಹಾಗಿತ್ತು."

"ಸರಿಯಾಗೇ ಹೋಯ್ತಮ್ಮ."

ಇನ್ನೆರಡು ಕಹವಾಯ್ ಬಂದವು, ಹೋದವು. ಅಮ್ಮ ಕೂತಲ್ಲಿಂದ ಎದ್ದು ನಿಂತಿದ್ದಳು. ಅಷ್ಟರಲ್ಲಿ ಕುದಿಯುತ್ತಿದ್ದ ನೀರು ಒಮ್ಮೆಲೇ ಶಾಂತವಾಯಿತು. ಕಹವಾಯ್ ಹಿಂಡು ದಿಕ್ಕಾಪಾಲಾಗಿ ಚದುರಿತು. ಚದುರಿಸುವಂಥದ್ದು ಏನೋ ಕೆಳಗೆ ಬಂದಿದೆ ಎಂದು ಅರ್ಥ.

ಎಸೆದೆ. ಗುಳಕ್. ಗುಳಕ್. ಪಾಪರಿನ ಹಿಂದೆ ನೀರು ಉಬ್ಬಿತು. ಹಸಿರು ಬೆನ್ನು, ಹಳದಿ ಬಾಲ, ಎಷ್ಟು ಹತ್ತಿರವೆಂದರೆ ಅದರ ಕಣ್ಣು ಕಂಡೆ. ಅದು ಬಾಯಿ ತೆರೆದು ನೀರನ್ನು ಸೀಳಿಕೊಂಡು ಬಂತು, ಧಬ್ಬೆಂದು ಸದ್ದಾಯಿತು, ನಾನು ಜೀವ ಬಿಟ್ಟು ಕೋಲನ್ನು ಹಿಂದಕ್ಕೆ ಎಳೆದೆ. ಪಾಪರ್ ಖಾಲಿಯಾಗಿ ಹಾರಿಬಂದು, ನನ್ನ ಕಿವಿಯ ಪಕ್ಕದಲ್ಲಿ ಹಾದು, ಹಿಂದಿನ ಬಂಡೆಗೆ ಠಪ್ಪೆಂದು ಬಡಿಯಿತು.

ನಾಲ್ಕನೇ ಸಲ. ಬಾಯಿಗೆ ಬಂದ ಬೈಗುಳವನ್ನೆಲ್ಲ ಬೈದೆ, ಮೀನಿಗೆ, ಸಮುದ್ರಕ್ಕೆ, ಹಾರ್ನ್‌ಬಿಗೆ. ಅಮ್ಮ ಕೇಳಿಸಿಕೊಂಡು ಮುಗಿಸಿದಳು.

"ಅದು ಇನ್ನೂ ಬಾಯಿಗೇ ಹಾಕ್ಕೊಂಡಿರ್ಲಿಲ್ಲ. ನೀನ್ಯಾಕೆ ಕಿತ್ಕೊಂಡೆ?"

"ಹಾಕ್ಕೊಳ್ತು. ನಾನು ನೋಡ್ದೆ."

"ನಾನು ಮೇಲಿದ್ದೆ, ನಂಗೆ ಚೆನ್ನಾಗಿ ಕಾಣ್ತು. ಬಾಲದಲ್ಲಿ ಹೊಡೀತು ಅಷ್ಟೇ. ಸದ್ದಾದ ತಕ್ಷಣ ಎಳೆದುಬಿಟ್ಟೆ ನೀನು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಹೇಳಲ್ಲ."

ಅವಳು ಹೇಳಿದ್ದು ನಿಜವೆಂದು ನನಗೆ ಗೊತ್ತಿತ್ತು, ಅದಕ್ಕೇ ಇನ್ನಷ್ಟು ಉರಿಯಿತು. ನೀರ ಮೇಲೆ ಹಿಡಿಯುವವರ ಮೊದಲ ಪಾಠವೇ ಅದು: ಸದ್ದಿಗೆ ಎಳೆಯಬೇಡ, ಕೈಗೆ ಭಾರ ಬಂದಮೇಲೆ ಎಳೆ. ಹಿಂದಿನ ಮೂರು ಸಲವೂ ನಾನು ಸದ್ದಿಗೇ ಎಳೆದವಳು. ಗೊತ್ತಿದ್ದೂ ಕೈ ಕೇಳುವುದಿಲ್ಲ.

ಪಾಪರ್ ಎತ್ತಿ ನೋಡಿದೆ. ಬಟ್ಟಲಿನ ಅಂಚು ಇನ್ನೂ ಒಂದಿಷ್ಟು ಹೋಗಿತ್ತು. ಗಾಳಗಳು ಗಟ್ಟಿಯಾಗಿದ್ದವು. ಅಮ್ಮ ಕೆಳಗಿಳಿದು ಬಂದು ನನ್ನ ಬೆನ್ನ ಹಿಂದೆಯೇ ನಿಂತಳು.

"ಈ ಸಲ ನಾನು ಹೇಳೋತನಕ ಎಳೀಬೇಡ."

ಬೇರೆ ದಿನವಾಗಿದ್ದರೆ ಜಗಳವಾಗುತ್ತಿತ್ತು. ಉಸಿರು ಬಿಗಿಹಿಡಿದು ಎಸೆದೆ.

ಗುಳಕ್. ಏನೂ ಇಲ್ಲ. ಗುಳಕ್. ಈಗ ಅದು ಮೊದಲಿಗಿಂತ ಹೆಚ್ಚು ಕುಂಟುತ್ತಿತ್ತು, ಹೆಚ್ಚುಕಡಿಮೆ ಮಗ್ಗುಲಾಗಿಯೇ ಬರುತ್ತಿತ್ತು. ಗುಳಕ್. ಅದರ ಹಿಂದೆ ನೀರು ಎದ್ದಿತು.

"ಬೇಡ," ಎಂದಳು ಅಮ್ಮ.

ಧಬ್. ನೀರು ಆಳೆತ್ತರ ಚಿಮ್ಮಿತು. ನನ್ನ ತೋಳುಗಳೆರಡೂ ಎಳೆಯಲು ಹೊರಟವು.

"ಬೇಡ. ಇನ್ನೂ ಇಲ್ಲ. ಬೇಡ ಅಂದೆ."

ಪಾಪರ್ ತಿರುಗಿ ತೇಲಿತು. ನಾನು ಹಲ್ಲು ಕಚ್ಚಿಕೊಂಡು ಮತ್ತೊಮ್ಮೆ ಮೆಲ್ಲಗೆ ಜಗ್ಗಿದೆ. ಅದು ಉಗುಳಿದ ನೀರು ಕೆಳಕ್ಕೆ ಬೀಳುವ ಮುಂಚೆಯೇ ಕೆಳಗಿನಿಂದ ಅಗಲವಾದ ಬಾಯೊಂದು ಬಂದು ಪಾಪರನ್ನು ಇಡಿಯಾಗಿ ಮುಚ್ಚಿಕೊಂಡು ಮುಳುಗಿತು. ಯಾವ ಸದ್ದೂ ಇರಲಿಲ್ಲ. ಕೈಗೆ ಭಾರ ಬಂತು.

"ಈಗ," ಎಂದಳು ಅಮ್ಮ.

ಎಳೆದೆ. ಕೋಲು ಬಿಲ್ಲಾಯಿತು. ರೀಲು ಕಿರುಚಿಕೊಂಡು ದಾರ ಬಿಡತೊಡಗಿತು. ಕಿಂಗ್‌ಫಿಶ್ ಸಮುದ್ರದ ಕಡೆ ಓಡುವುದಿಲ್ಲ, ಅದಕ್ಕೆ ಬುದ್ಧಿ ಜಾಸ್ತಿ. ಬಂಡೆಯ ಬುಡಕ್ಕೆ ಓಡಿ ದಾರವನ್ನು ಕಲ್ಲಿಗೆ ಉಜ್ಜಿ ಹರಿಯುತ್ತದೆ. ಬಲಗಡೆ ಒಂದು ಮುಳುಗುಬಂಡೆ ಇತ್ತು, ನೇರ ಅಲ್ಲಿಗೇ ಹೊರಟಿತು. ನಾನು ಕಟ್ಟೆಯ ಮೇಲೆ ಎಡಕ್ಕೆ ಓಡಿದೆ, ಮೀನು ಬಲಕ್ಕೆ ಎಳೆಯಿತು. ರೀಲನ್ನು ಬಿಗಿ ಮಾಡಿದೆ. ಹರಿದರೆ ಹರಿಯಲಿ ಎಂದು ಹಿಂದಕ್ಕೆ ವಾಲಿ ನಿಂತೆ. ತೋಳು ಉರಿಯಿತು. ಅಮ್ಮ ನನ್ನ ಜಾಕೆಟಿನ ಹಿಂಬದಿಯ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಾನೂ ಹಿಂದಕ್ಕೆ ವಾಲಿದ್ದಳು. ಮೀನು ಒಮ್ಮೆ ನಿಂತಿತು. ತಲೆ ಕೊಡವಿತು. ಆಮೇಲೆ, ಒಂದೊಂದೇ ಸುತ್ತು, ನನ್ನ ಕಡೆಗೆ ಬರತೊಡಗಿತು.

ಅದು ಕಟ್ಟೆಯ ಅಂಚಿಗೆ ಬಂದು ಮಗ್ಗುಲಾದಾಗ ನನಗೆ ನೆನಪಾಯಿತು. ಬಲೆ ಮನೆಯಲ್ಲಿ ಕುಂಕುಮ ಹಚ್ಚಿಕೊಂಡು ಕೂತಿದೆ.

ಒಂಟಿಯಾಗಿ ಎತ್ತುವಂತಿರಲಿಲ್ಲ. ಕೋಲು ಕೆಳಗಿಟ್ಟರೆ ದಾರ ಸಡಿಲಾಗುತ್ತದೆ, ಹೋಗುತ್ತದೆ. ದಾರ ಹಿಡಿದು ಮೇಲೆತ್ತಿದರೆ ಹರಿಯುತ್ತದೆ. ಪಾಪರಿನ ಒಂದೇ ಒಂದು ಗಾಳ ಅದರ ತುಟಿಯ ಅಂಚಿನಲ್ಲಿ ನಿಂತಿತ್ತು, ಅದೂ ನೆಟ್ಟಗಾಗುತ್ತಾ ಬಂದಿತ್ತು.

"ಅಮ್ಮಾ, ಬಾಲದ ಬುಡ ಹಿಡಿದು ಎಳೀಬೇಕು. ನೀನೇ ಆಗ್ಬೇಕು."

ಮೊಟ್ಟೆ ಮುಟ್ಟಿದ ಪಾತ್ರೆಯನ್ನೂ ಒಲೆಯ ಮೇಲೆ ಇಡಗೊಡದ ಅಮ್ಮ. ನವಮಿಯ ಸ್ನಾನ ಮಾಡಿ ಬಂದ ಅಮ್ಮ. ಅವಳಿಗೆ ಇದನ್ನು ಹೇಳಬಾರದಿತ್ತು ಎಂದು ಆ ಗಳಿಗೆಯಲ್ಲೇ ಅನ್ನಿಸಿತು. ಹೋಗಲಿ ಬಿಡು ಎನ್ನಲು ಬಾಯಿ ತೆರೆದೆ.

ಅಮ್ಮ ಸೀರೆಯನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಬಂಡೆಯ ಮೇಲೆ ಕೂತು, ಕೂತುಕೊಂಡೇ ಜಾರಿ ತಗ್ಗಿಗೆ ಇಳಿದಳು. ಒಂದು ಅಲೆ ಬಂದು ಅವಳ ಮೊಣಕಾಲಿನವರೆಗೆ ನೆನೆಸಿ ಹೋಯಿತು. ಎರಡೂ ಕೈ ನೀರಿಗೆ ಹಾಕಿ, ಬಾಲದ ಬುಡವನ್ನು ಬಾವಿಯ ಹಗ್ಗ ಹಿಡಿದ ಹಾಗೆ ಹಿಡಿದಳು. ಮೀನು ಒದ್ದಾಡಿತು. ಅಮ್ಮ ಬಿಡಲಿಲ್ಲ. ಮುಂದಿನ ಅಲೆ ಮೇಲೆ ಬಂದಾಗ ಅದರ ಜೊತೆಯಲ್ಲೇ ಮೀನನ್ನು ಎಳೆದುಕೊಂಡು ತಗ್ಗಿನ ನೀರಿಗೆ ತಂದುಬಿಟ್ಟಳು.

ಕೋಲು ಬಿಸುಟು ಓಡಿದೆ. ಇಕ್ಕಳದಿಂದ ಗಾಳ ಬಿಡಿಸಿದೆ. ನನ್ನ ಕಿಂಗ್‌ಫಿಶ್. ಹಸಿರು ಬೆನ್ನು, ಬೆಳ್ಳಿ ಹೊಟ್ಟೆ, ಕಣ್ಣಿನ ನೇರದಿಂದ ಬಾಲದವರೆಗೂ ಒಂದು ಚಿನ್ನದ ಗೆರೆ. ಅಳತೆಪಟ್ಟಿಯೂ ಪೆಟ್ಟಿಗೆಯಲ್ಲೇ ಉಳಿದಿತ್ತು.

"ಎಷ್ಟುದ್ದ ಇದೆ ನೋಡೋಣ," ಎಂದು ಅಮ್ಮ ಒಂದು ಕೈಯಲ್ಲಿ ಬಾಲ ಹಿಡಿದುಕೊಂಡೇ, ಮಲ್ಲಿಗೆ ಮಾಲೆ ಅಳೆಯುವ ಹಾಗೆ ಇನ್ನೊಂದು ಮುಂದೋಳನ್ನು ಅದರ ಮೈಮೇಲೆ ಇಟ್ಟಳು. ಮೂತಿಯಿಂದ ಒಂದು ಮೊಳ. ಅಲ್ಲಿಂದ ಇನ್ನೊಂದು. "ಎರಡು ಮೊಳ. ಮೇಲೆ ನಾಲ್ಕು ಬೆರಳು. ಅಬ್ಬಾ, ಏನು ಮೈಕಟ್ಟೇ ಇದರದ್ದು."

"ಅಮ್ಮಾ, ಹಿಡ್ಕೊಂಡಿರು, ಒಂದು ಫೋಟೊ," ಎಂದು ಜೇಬಿನಿಂದ ಫೋನ್ ತೆಗೆಯುತ್ತಿದ್ದೆ. ದೊಡ್ಡ ಅಲೆಯೊಂದು ತಗ್ಗನ್ನು ತುಂಬಿಸಿತು. ನಾನು ಫೋನನ್ನು ಜೇಬಿನಲ್ಲೇ ಬಿಟ್ಟು ಅಮ್ಮನ ತೋಳು ಹಿಡಿದೆ. ಮೀನು ಒಮ್ಮೆ ಬಾಲ ಬೀಸಿತು, ಅವಳ ಕೈಯಿಂದ ಜಾರಿತು, ಅಲೆಯ ಜೊತೆ ಹೊರಟುಹೋಯಿತು. ನೇರವಾಗಿ, ಗಟ್ಟಿಯಾಗಿ ಹೋಯಿತು. ವಾಲಾಡಲಿಲ್ಲ.

ಇಬ್ಬರೂ ಒದ್ದೆ ಬಂಡೆಯ ಮೇಲೆ ಕೂತು ನಕ್ಕೆವು. ನಾನು ನಗುತ್ತಲೇ ಅತ್ತೆ. ಅಷ್ಟು ಸಂತೋಷ ನನಗೆ ಮದುವೆಯ ದಿನವೂ ಆಗಿರಲಿಲ್ಲ, ಶ್ರೀಪಾದನಿಗೂ ಇದನ್ನು ಹೇಳಿದ್ದೇನೆ. ಅಮ್ಮ ತನ್ನ ಅಂಗೈ ಮೂಸಿ ನೋಡಿಕೊಂಡಳು. ಆಮೇಲೆ ಅವಳ ಮುಖ ಸಣ್ಣದಾಯಿತು.

"ತಾರಾ, ನಾನು ಮುಟ್ಟಿದ್ದು ಯಾರಿಗೂ ಹೇಳ್ಬೇಡ. ಸಾಯಂಕಾಲ ಎಲ್ಲರೂ ಬರ್ತಾರೆ. ಆರತಿ ನೀವೇ ಎತ್ತಬೇಕು ಅಂತ ರತ್ನಾ ಬೇರೆ ಹೇಳಿದಾರೆ."

"ಹೇಳಲ್ಲ," ಎಂದು ಮಾತು ಕೊಟ್ಟೆ.

ಮನೆಗೆ ಬಂದು ಅವಳು ಮತ್ತೆ ತಲೆಗೆ ಸ್ನಾನ ಮಾಡಿದಳು. ಸೀರೆಯನ್ನು ಎರಡು ಸಲ ಒಗೆದಳು.

ಸಂಜೆ ಮನೆ ತುಂಬಿತ್ತು. ವಿಸರ್ಜನೆಯ ಆರತಿಗೆ ಮುಂಚೆ ಎಲ್ಲರೂ ಹಾಲಿನಲ್ಲಿ ಕೂತಿದ್ದರು. ಮನೋಜ್ ಸೋಫಾದ ಅಂಚಿನಲ್ಲಿ ಕೂತು ನನ್ನ ಮುಖ ನೋಡಿಯೇ ಏನೋ ಇದೆಯೆಂದು ಹಿಡಿದುಬಿಟ್ಟ.

"ಏನ್ ತಾರಕ್ಕಾ, ಇವತ್ತೂ ಹೋಗಿದ್ದಿ ಅಂತ. ಬಿತ್ತೇನು?"

"ಬಿತ್ತು. ಕಿಂಗ್‌ಫಿಶ್. ಮೇಲ್ಗಡೆನೇ."

"ಫೋಟೊ ತೋರ್ಸು ಮತ್ತ."

"ತೆಗೆಯೋಕೆ ಆಗ್ಲಿಲ್ಲ."

ಅವನು ಕೈ ತಟ್ಟಿ ನಕ್ಕ. ಅವನ ಜೊತೆ ಕೋಣೆಯೇ ನಕ್ಕಿತು. ನೆಟ್ಟಗಾದ ಗಾಳವನ್ನು ತಂದು ತೋರಿಸಿದೆ. "ಕಲ್ಲಿಗೆ ಸಿಕ್ರೂ ಹಿಂಗ ಆಗತೈತಿ," ಎಂದ. ದಾರ ಎಳೆದ ಗುರುತಿದ್ದ ನನ್ನ ಬೆರಳು ತೋರಿಸಿದೆ. "ಕಹವಾಯ್ ದೊಡ್ಡದಿತ್ತು ಅಂತ ಕಾಣತೈತಿ." ಶ್ರೀಪಾದ, "ಇಲ್ಲ ಕಣೋ, ನಿಜ ಇರ್ಬೇಕು," ಎಂದ. ಆ 'ಇರ್ಬೇಕು' ಉಪಕಾರಕ್ಕಿಂತ ಅಪಕಾರವನ್ನೇ ಹೆಚ್ಚು ಮಾಡಿತು.

"ದಂಡೀ ಮ್ಯಾಲ ಹೆಂಗ ತಗೊಂಡಿ? ಬಲೆ ಅಂತೂ ಇಲ್ಲೇ ಪೂಜಾಕ್ಕ ಕುಂತೈತಿ," ಎಂದ ಮನೋಜ್. ಅವನೂ ಗಾಳ ಹಾಕುವವನು, ಎಲ್ಲಿ ಒತ್ತಬೇಕೆಂದು ಅವನಿಗೆ ಗ್ಯಾರಂಟಿ ಗೊತ್ತಿತ್ತು. "ಒಬ್ಬಾಕಿ ಕಡೆ ಆಗೂ ಕೆಲಸ ಅಲ್ಲ ಅದು."

ನಾನು ಬಾಯಿ ಮುಚ್ಚಿಕೊಂಡೆ. ಮಾತು ಕೊಟ್ಟಿದ್ದೆ. ಎಲ್ಲರೂ ನಗುತ್ತಿದ್ದರು, ಕೆಟ್ಟ ಮನಸ್ಸಿನಿಂದಲ್ಲ. ಆದರೂ ಹೊರಟು ಹೋಗುವ ಊರಿನಲ್ಲಿ ಈ ಗಾದೆಯನ್ನೇ ಬಿಟ್ಟು ಹೋಗುತ್ತೇನೆ ಎನ್ನಿಸಿತು.

"ಹೋಗ್ಲಿ ಬಿಡಕ್ಕಾ. ನಾಕನೇ ಕಿಂಗ್‌ಫಿಶ್ ಅಂತ ಬರಕೋತೀವಿ."

ಅಮ್ಮ ದೇವರ ಮುಂದೆ ಆರತಿಯ ಬತ್ತಿ ಸರಿಮಾಡುತ್ತಿದ್ದಳು. ತಿರುಗದೆಯೇ ಹೇಳಿದಳು: "ಎರಡು ಮೊಳ, ಮೇಲೆ ನಾಲ್ಕು ಬೆರಳು ಇತ್ತು."

ಮನೋಜ್ ತಡವರಿಸಿದ. "ಆಂಟಿ, ದೂರದಿಂದ ನೋಡಿದ್ರ ನೀರಾಗ ಎಲ್ಲಾ ದೊಡ್ಡದ ಕಾಣತಾವ್ರಿ."

ಅಮ್ಮ ಎದ್ದು ಈ ಕಡೆ ತಿರುಗಿದಳು. ಬಳೆಗಳನ್ನು ಮೇಲಕ್ಕೆ ಸರಿಸಿ ಬಲಗೈ ಮುಂದಕ್ಕೆ ಚಾಚಿದಳು. "ದೂರದಿಂದ ಅಲ್ಲಪ್ಪ. ಈ ಕೈ ಅದರ ಮೈಮೇಲಿಟ್ಟು ಅಳೆದೆ. ಬಲೆ ಇರ್ಲಿಲ್ಲ, ಅದಕ್ಕೆ ಬಾಲ ಹಿಡಿದು ಮೇಲಕ್ಕೆಳೆದದ್ದೂ ನಾನೇ. ನನ್ನ ಮಗಳು ಸುಳ್ಳು ಹೇಳಲ್ಲ."

ಮನೋಜ್ ಎದ್ದು ನಿಂತುಬಿಟ್ಟಿದ್ದ. "ತಪ್ಪಾತ್ರೀ ಆಂಟಿ," ಎಂದು ನನ್ನ ಕಡೆ ತಿರುಗಿ, "ತಪ್ಪಾತಕ್ಕಾ," ಎಂದ. ಆ ಎರಡು ಮಾತಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆ. ಈಗ ಅದು ಕಿವಿಗೆ ಬಿದ್ದರೂ ನನ್ನ ಕಣ್ಣೆಲ್ಲ ಅಮ್ಮನ ಮೇಲೇ ಇತ್ತು.

"ನವಮಿ ದಿನ?" ಎಂದರು ರತ್ನಾ ಆಂಟಿ, ಬಹಳ ಮೆಲ್ಲಗೆ.

"ನವಮಿ ದಿನವೇ. ಆಮೇಲೆ ಸ್ನಾನ ಮಾಡಿದೀನಿ. ಆದ್ರೂ ನಿಮಗೆಲ್ಲ ಮನಸ್ಸಿಗೆ ಸರಿ ಬರಬೇಕಲ್ಲ." ಅಮ್ಮ ಆರತಿ ತಟ್ಟೆಯನ್ನು ಎತ್ತಿ ಎರಡೂ ಕೈಯಿಂದ ಅವರ ಮುಂದೆ ಹಿಡಿದಳು. "ನೀವೇ ಎತ್ತಿ ರತ್ನಾ."

ರತ್ನಾ ಆಂಟಿ ಒಂದು ಗಳಿಗೆ ತಟ್ಟೆಯನ್ನೂ ಅಮ್ಮನ ಕೈಯನ್ನೂ ನೋಡಿದರು. ಆಮೇಲೆ ತಟ್ಟೆ ತೆಗೆದುಕೊಂಡರು. ಎಲ್ಲರೂ ಎದ್ದು ನಿಂತರು, ಹಾಡು ಶುರುವಾಯಿತು. ಅಮ್ಮ ಗುಂಪನ್ನು ದಾಟಿಕೊಂಡು ಹಿಂದಕ್ಕೆ, ಶೂ ಬಿಡುವ ಜಾಗದಲ್ಲಿ ನಿಂತಿದ್ದ ನನ್ನ ಪಕ್ಕಕ್ಕೆ ಬಂದು ಕೈ ಮುಗಿದು ನಿಂತಳು. ನನಗೆ ಅಳು ತಡೆಯಲಾಗಲಿಲ್ಲ. ಅವಳ ತೋಳು ಹಿಡಿದುಕೊಂಡೆ.

ಅವಳು ದೀಪದಿಂದ ಕಣ್ಣು ಕೀಳದೆ, ಹಾಡಿನ ಮಧ್ಯೆ ನನ್ನ ಕಿವಿಯ ಕಡೆ ಬಾಗಿ ಕೇಳಿದಳು: "ಆ ಹಾರ್ನ್‌ಬಿ ಕಡೆ ಯಾವ ಮೀನಿದೆ?"